ನಾಯಿ ಹೊಟ್ಟೆಗೆ ತುಪ್ಪದ ಗಾದೆ ಸಾಕಾ?

"ನಾಯಿ ಹೊಟ್ಟೆಗೆ ತುಪ್ಪ ದಕ್ಕಲ್ಲ" ಅನ್ನೋ ಗಾದೆ ಕೇಳದ ಕನ್ನಡಿಗರು ಇರಲಿಕ್ಕಿಲ್ಲ. ಯೋಗ್ಯತೆ ಇಲ್ಲದವನಿಗೆ ಒಳ್ಳೇದು ಸಿಕ್ಕಿದ್ರೂ ಅರಗಿಸಿಕೊಳ್ಳಲಾರ ಅಂತ ಅದರ ಅರ್ಥ. ಮನುಷ್ಯರನ್ನ ಬೈಯೋದಕ್ಕೆ ಪಾಪದ ನಾಯಿಯನ್ನ ಎಳೆದು ತಂದಿದ್ದಾರೆ ಅಷ್ಟೆ. ಆದರೆ ನನಗೆ ಈ ಗಾದೆ ಮೇಲೆ ಒಂದು ತಕರಾರಿದೆ. ಹೊಟ್ಟೆ ಕೆಡಿಸಿದ್ದು ತುಪ್ಪ, ಬೈಸಿಕೊಂಡಿದ್ದು ನಾಯಿ!

ಗಾದೆಯನ್ನ ಗಾದೆ ಅಂತ ಬಿಡಬಹುದಿತ್ತು. ಆದರೆ ನಾಯಿ ಸಾಕಿದ ಮನೆಗಳಲ್ಲಿ ನಿಜವಾಗ್ಲೂ ಹೀಗೇ ಆಗ್ತಿದೆ. ಹದಿನೈದು ದಿನಕ್ಕೊಮ್ಮೆ ನಾಯಿ ವಾಂತಿ ಮಾಡುತ್ತೆ, ಭೇದಿ ಮಾಡುತ್ತೆ, ಎರಡು ದಿನ ಮೂಲೆ ಹಿಡಿದು ಮಲಗುತ್ತೆ. ಕೇಳಿದ್ರೆ ಏನಂತಾರೆ? "ಜಾತಿ ನಾಯಿ ಅಲ್ವಾ ಸಾರ್, ಹೊಟ್ಟೆ ಸೂಕ್ಷ್ಮ." ಅದೇ ಬೀದಿಯಿಂದ ತಂದು ಸಾಕಿದ ನಾಯಿ ಆದರೆ? "ನಾಟಿ ನಾಯಿ ಅಲ್ವಾ, ಎಲ್ಲೆಲ್ಲೋ ಏನೇನೋ ತಿಂದಿರುತ್ತೆ." ಜಾತಿ ನಾಯಿ ಆದರೂ ಅದರದೇ ತಪ್ಪು, ನಾಟಿ ನಾಯಿ ಆದರೂ ಅದರದೇ ತಪ್ಪು. ಇನ್ನು ಕೆಲವರು ದೃಷ್ಟಿ ತಾಗಿದೆ ಅಂತ ಮೆಣಸಿನಕಾಯಿ ನಿವಾಳಿಸ್ತಾರೆ. ಅದಾದ್ಮೇಲೆ ಒಂದು ಇಂಜೆಕ್ಷನ್, ಆರು ಮಾತ್ರೆ, ಮೂರು ದಿನಕ್ಕೆ ನಾಯಿ ಸರಿ. ಮತ್ತೆ ಹದಿನೈದು ದಿನಕ್ಕೆ ಅದೇ ಕಥೆ.

ನಾನು ಹೇಳಹೊರಟಿರೋದು ಇಷ್ಟೆ. ಒಂದು ಸಲ ಹೊಟ್ಟೆ ಕೆಟ್ಟರೆ ಅದಕ್ಕೆ ಔಷಧಿ ಕೊಡಿ, ಸರಿ. ಆದರೆ ಪದೇ ಪದೇ ಕೆಡ್ತಾ ಇದ್ರೆ ಔಷಧಿಗಿಂತ ಮೊದಲು ಕಾರಣ ಹುಡುಕಬೇಕು. "ಅದರ ಹೊಟ್ಟೆನೇ ಹಾಗೆ" ಅಂತ ಒಂದು ಕಾಯಿಲೆ ವೈದ್ಯಶಾಸ್ತ್ರದಲ್ಲಿ ಇಲ್ಲ. ಹೊಟ್ಟೆಯ ತೊಂದರೆ ಮೂರು ವಾರ ದಾಟಿದ್ರೆ, ಅಥವಾ ಬಿಟ್ಟು ಬಿಟ್ಟು ಬರ್ತಾ ಇದ್ರೆ, ಪಶುವೈದ್ಯರು ಅದನ್ನ ದೀರ್ಘಕಾಲದ ತೊಂದರೆ ಅಂತ ಬೇರೆಯಾಗೇ ಲೆಕ್ಕ ಹಾಕ್ತಾರೆ. ಅದನ್ನ ಹುಡುಕೋ ದಾರಿನೂ ಬೇರೆ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಲೆಕ್ಕಪತ್ರ ನೋಡೋ ಕೆಲಸ ನನ್ನದು. ಲೆಕ್ಕ ತಾಳೆ ಆಗದಿದ್ರೆ ರಾತ್ರಿ ನಿದ್ದೆ ಬರಲ್ಲ, ಅಷ್ಟೇ ನನ್ನ ಅರ್ಹತೆ. ಇನ್ನೊಂದು ಮಾತು. ಕಾರಣ ಹುಡುಕ್ತೀನಿ ಅಂತ ಕಾಯ್ತಾ ಕೂರಬಾರದ ಸಂದರ್ಭಗಳೂ ಇವೆ. ಹೊಟ್ಟೆ ಉಬ್ಬಿಕೊಂಡು, ಓಕರಿಸಿದ್ರೂ ಏನೂ ಹೊರಗೆ ಬರದೆ ಒದ್ದಾಡ್ತಾ ಇದ್ರೆ, ಮಲ ಡಾಂಬರಿನ ಹಾಗೆ ಕಪ್ಪಗಿದ್ರೆ, ರಕ್ತ ಸುರೀತಿದ್ರೆ, ಬಟ್ಟೆನೋ ಮೂಳೆನೋ ನುಂಗಿದೆ ಅನ್ನೋ ಅನುಮಾನ ಇದ್ರೆ, ಲಸಿಕೆ ಆಗದ ಮರಿ ವಾಂತಿ-ಭೇದಿ ಮಾಡಿಕೊಂಡು ಸುಸ್ತಾಗಿದ್ರೆ... ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. 1978ರಲ್ಲಿ ಹೊಸದಾಗಿ ಕಾಣಿಸಿಕೊಂಡು ಒಂದೆರಡು ವರ್ಷದಲ್ಲೇ ಪ್ರಪಂಚ ಪೂರ್ತಿ ಹಬ್ಬಿದ ಪಾರ್ವೋ ವೈರಸ್ ಇವತ್ತಿಗೂ ಮರಿಗಳನ್ನ ಎರಡು-ಮೂರು ದಿನದಲ್ಲಿ ಮುಗಿಸಿಬಿಡುತ್ತೆ. ಅಲ್ಲಿ ಪತ್ತೇದಾರಿಕೆಗೆ ಸಮಯ ಇಲ್ಲ.

ನಾನು ಮಾತಾಡ್ತಿರೋದು ಸಾಯದ, ಆದರೆ ಸರಿಯೂ ಆಗದ ನಾಯಿಗಳ ಬಗ್ಗೆ.

ಅಂಥದೊಂದು ನಾಯಿ ಸಾಗರದ ಹತ್ತಿರ ನಮ್ಮ ಅಕ್ಕನ ಮನೇಲಿದೆ. ಹೆಸರು ಟೈಗರ್. ಬೆಕ್ಕು ಗುರ್ ಅಂದ್ರೆ ಕೊಟ್ಟಿಗೆ ಹಿಂದೆ ಹೋಗಿ ನಿಲ್ತಾನೆ, ಅದು ಬೇರೆ ವಿಷಯ :-). ಒಂದೂವರೆ ವರ್ಷದಿಂದ ಅವನ ಹೊಟ್ಟೆ ರಿಪೇರಿನೇ ಆಗಿರಲಿಲ್ಲ. ಭೇದಿ, ನಡುನಡುವೆ ವಾಂತಿ, ಪಕ್ಕೆಲುಬು ಎಣಿಸೋ ಹಾಗೆ ಸೊರಗಿದ್ದ. ಕೊನೆಗೆ ಮನೇಲಿ ಮಾತು ಎಲ್ಲಿಗೆ ಬಂತಂದ್ರೆ, ಪೇಟೆ ಕಡೆ ಹೋಗೋ ಜೀಪಲ್ಲಿ ಹಾಕಿ ಸಂತೆ ಹತ್ತಿರ ಬಿಟ್ಟು ಬರೋದು ಅಂತ. ಅಕ್ಕನ ಅತ್ತೆ ಕೆಟ್ಟವರೇನಲ್ಲ. ಎಂಬತ್ತರ ಹತ್ತಿರದ ಜೀವ, ಬೆಳಗೆದ್ದು ಜಗುಲಿ ತೊಳೆದು ತೊಳೆದು ಅವರಿಗೂ ಸಾಕಾಗಿತ್ತು. ಅಕ್ಕ ಫೋನಲ್ಲಿ, "ನೀನೊಂದು ಸಲ ಬಂದು ನೋಡು ಮಾರಾಯ, ಆಮೇಲೆ ಎಂತ ಬೇಕಾದ್ರೂ ಮಾಡುವ" ಅಂದಳು. ಅವಳ ಗಂಟಲು ಕಟ್ಟಿತ್ತು.

ಸಂತೆ ಹತ್ತಿರ ಬಿಟ್ಟ ಸಾಕು ನಾಯಿ ಎಷ್ಟು ದಿನ ಬದುಕುತ್ತೆ ಹೇಳಿ? ಹೊಟ್ಟೆ ಕೆಟ್ಟ ನಾಯಿ ಅಂತೂ ಬದುಕಲ್ಲ. ನಮ್ಮೂರುಗಳಲ್ಲಿ ಬೀದಿಗೆ ಬಿದ್ದ ಎಷ್ಟೋ ನಾಯಿಗಳ ಹಿಂದೆ ಇಂಥ ಒಂದು ಹುಡುಕದೇ ಬಿಟ್ಟ ಕಾರಣ ಇರಬಹುದು ಅಂತ ನನ್ನ ಗುಮಾನಿ.

*

ಹೋಗಿ ನೋಡಿದ್ರೆ ಅಡುಗೆಮನೆ ಗೋಡೆ ಮೇಲೆ ಕ್ಯಾಲೆಂಡರ್ ನೇತಾಡ್ತಿತ್ತು. ಮಲೆನಾಡಿನ ಮನೆಗಳ ಕ್ಯಾಲೆಂಡರ್ ನೋಡಿದೀರಲ್ಲ? ಸಂಕಷ್ಟಿ, ಏಕಾದಶಿ ಗುರುತು ಅಷ್ಟೇ ಅಲ್ಲ, ಗ್ಯಾಸ್ ಬಂದ ದಿನ, ಕೊನೆಗೌಡ ಬಂದ ದಿನ, ಡೈರಿಗೆ ಹಾಕಿದ ಹಾಲು ಎಷ್ಟು ಲೀಟರು, ಎಲ್ಲಾ ಅದರಲ್ಲೇ. ನಾಯಿ ಡಾಕ್ಟರಿಗೆ ಕೊಟ್ಟ ದುಡ್ಡೂ ಅದರಲ್ಲೇ ಇತ್ತು. ಹಳೇ ವರ್ಷದ ಕ್ಯಾಲೆಂಡರನ್ನ ಅಕ್ಕ ಎಸೆದಿರಲಿಲ್ಲ. ಎರಡನ್ನೂ ಇಳಿಸಿಕೊಂಡು ಕೂತೆ. ಲೆಕ್ಕದ ಬುದ್ಧಿ ಎಲ್ಲಿ ಹೋಗುತ್ತೆ?

ಅರ್ಧ ಗಂಟೆಯಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಹದಿನೆಂಟು ತಿಂಗಳಲ್ಲಿ ಡಾಕ್ಟರ್ ಹೆಸರಲ್ಲಿ ಖರ್ಚು ಹನ್ನೊಂದು ಸಲ ಬರೆದಿತ್ತು. ಆದರೆ ಫೆಬ್ರವರಿಯಿಂದ ಏಪ್ರಿಲ್ ತನಕ ಒಂದು ಸಲವೂ ಇಲ್ಲ. ಅದೇ ಮೂರು ತಿಂಗಳು ಹಾಲಿನ ಲೆಕ್ಕವೂ ಖಾಲಿ. ಮನೇಲಿರೋದು ಒಂದೇ ಹಸು, ಆಗ ಅದು ಬತ್ತಿತ್ತು.

"ಅಕ್ಕಾ, ಹಸು ಬತ್ತಿದಾಗ ಟೈಗರಿಗೆ ಎಂತ ಹಾಕ್ತಿದ್ರಿ?"

"ಗಂಜಿ, ಇಲ್ಲಾ ಬೇಳೆ ಕಟ್ಟು ಅನ್ನ. ಪ್ಯಾಕೆಟ್ ಹಾಲು ನಮ್ಮ ಕಾಫಿಗೇ ಸಾಲ್ತಿರಲಿಲ್ಲ. ಕರೆಯೋ ಹಸು ಇದ್ರೆ ಹಾಲು-ಅನ್ನ. ಹೊಟ್ಟೆ ಕೆಟ್ಟಾಗ ಮಾತ್ರ ಮಜ್ಜಿಗೆ ಅನ್ನ, ತಂಪಾಗಲಿ ಅಂತ."

ಇಲ್ಲಿಗೆ ನಾನು "ಸಿಕ್ತು ಕಳ್ಳ" ಅಂತ ಕೂಗಬಹುದಿತ್ತು. ಕೂಗಲಿಲ್ಲ, ಯಾಕಂದ್ರೆ ಫೆಬ್ರವರಿಯಿಂದ ಏಪ್ರಿಲ್ ಅಂದ್ರೆ ಮಲೆನಾಡಲ್ಲಿ ನೆಲ ಒಣಗಿರೋ ಕಾಲವೂ ಹೌದು. ಒದ್ದೆ ಮಣ್ಣಲ್ಲಿ ಬದುಕೋ ಹುಳುಗಳ ಕಾಟ ಆಗ ಕಡಿಮೆ. ಹಾಲೂ ಇಲ್ಲ, ಮಳೆಯೂ ಇಲ್ಲ. ಎರಡರಲ್ಲಿ ಯಾವುದು? ಕ್ಯಾಲೆಂಡರ್ ಅನುಮಾನ ಹುಟ್ಟಿಸುತ್ತೆ. ತೀರ್ಪು ಕೊಡಲ್ಲ.

ಆದರೂ ನನ್ನ ಮೊದಲ ವಾದ ಇದೇ: ಬರೆದಿಡಿ. ನಾಯಿಗೆ ಬಾಯಿಲ್ಲ, ನಮಗೆ ನೆನಪಿಲ್ಲ. "ಮೊನ್ನೆ ಮೊನ್ನೆ ಆಗಿತ್ತು" ಅನ್ನೋದು ಆರು ವಾರದ ಹಿಂದೆ ಇರುತ್ತೆ. ಏನು ಬರೀಬೇಕು ಅಂದ್ರೆ...

ತಾರೀಖು, ಹೊತ್ತು, ಹಿಂದಿನ ಎರಡು ದಿನ ತಿಂದಿದ್ದು, ಇಷ್ಟು ಕಡ್ಡಾಯ. ಬಾಯಿಂದ ಬಂದಿದ್ದು ವಾಂತಿನಾ ಅಥವಾ ಸುಮ್ಮನೆ ಹೊರಗೆ ಬಂದಿದ್ದಾ ನೋಡಿ. ಹೊಟ್ಟೆ ಕುಲುಕಿ ಓಕರಿಸಿ ಬಂದರೆ ವಾಂತಿ. ತಿಂದ ಸ್ವಲ್ಪ ಹೊತ್ತಿಗೆ, ಯಾವ ಶ್ರಮವೂ ಇಲ್ಲದೆ, ಅಗಿದ ಅನ್ನ ಹಾಗೇ ಜಾರಿ ಬಂದರೆ ತೊಂದರೆ ಅನ್ನನಾಳದಲ್ಲಿರಬಹುದು, ಹೊಟ್ಟೆಯಲ್ಲಿ ಅಲ್ಲ. ಬೆಳಗಿನ ಜಾವ ಬರೀ ಹಳದಿ ಪಿತ್ತ ಕಕ್ಕಿ, ಆಮೇಲೆ ಆರಾಮಾಗಿ ಓಡಾಡೋ ನಾಯಿಗಳಿವೆ. ರಾತ್ರಿ ಏಳಕ್ಕೆ ಊಟ ಹಾಕಿದ್ರೆ ಮರುದಿನ ಬೆಳಿಗ್ಗೆ ತನಕ ಹೊಟ್ಟೆ ಖಾಲಿ. ಮಲಗೋ ಮುಂಚೆ ಒಂದು ತುತ್ತು ಹಾಕಿದ್ರೆ ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತೆ.

ಭೇದಿಯಲ್ಲೂ ಎರಡು ಜಾತಿ. ದಿನಕ್ಕೆ ಎರಡು-ಮೂರು ಸಲ, ಆದರೆ ಪ್ರತಿ ಸಲ ರಾಶಿ, ನಾಯಿ ತೂಕ ಇಳೀತಾ ಇದೆ ಅಂದ್ರೆ ತೊಂದರೆ ಸಣ್ಣ ಕರುಳಿನಲ್ಲಿರೋ ಸಾಧ್ಯತೆ ಹೆಚ್ಚು. ಗಳಿಗೆಗೊಮ್ಮೆ ಓಡೋದು, ಮುಕ್ಕಿ ಮುಕ್ಕಿ ಚೂರೇ ಚೂರು ಹೋಗೋದು, ಅದರಲ್ಲಿ ಸಿಂಬಳದಂಥ ಲೋಳೆ, ಕೆಂಪು ರಕ್ತದ ಗೆರೆ ಇದ್ರೆ ದೊಡ್ಡ ಕರುಳು. ಅಸಹ್ಯ ಅನಿಸುತ್ತಾ? ಮಗು ಇರೋ ಮನೇಲಿ ಅಮ್ಮಂದಿರು ಇದನ್ನೆಲ್ಲಾ ದಿನಾ ನೋಡ್ತಾರಪ್ಪ, ಯಾರೂ ಅಸಹ್ಯ ಪಡಲ್ಲ. ಈ ಒಂದು ವಿವರ ಹೇಳಿದ್ರೆ ಡಾಕ್ಟರಿಗೆ ಅರ್ಧ ಕೆಲಸ ಉಳಿಯುತ್ತೆ.

*

ಎರಡನೇ ಹೆಜ್ಜೆ ಮಲ ಪರೀಕ್ಷೆ. ಸೂಕ್ಷ್ಮದರ್ಶಕ ಇರೋ ಕಡೆ ಇದು ಅಗ್ಗದ ಪರೀಕ್ಷೆ. ಆದರೂ ಅತಿ ಕಡಿಮೆ ಮಾಡಿಸೋದು ಇದನ್ನೇ. "ಹುಳದ ಮಾತ್ರೆ ಹಾಕಿದೀವಲ್ಲ" ಅಂತ ಉತ್ತರ ಬರುತ್ತೆ. ಯಾವ ಮಾತ್ರೆ, ಯಾವ ಹುಳಕ್ಕೆ? ಜಂತುಹುಳು, ಕೊಕ್ಕೆಹುಳುವಿಗೆ ಕೆಲಸ ಮಾಡೋ ಪೈರಾಂಟೆಲ್ ಒಂದೇ ಇದ್ದರೆ, ದೊಡ್ಡ ಕರುಳಲ್ಲಿ ಕಚ್ಚಿಕೊಂಡು ಕೂರೋ ವಿಪ್‌ವರ್ಮ್ ಅನ್ನೋ ಚಾವಟಿಯಂಥ ಹುಳಕ್ಕೆ ಅದು ಏನೂ ಮಾಡಲ್ಲ. ಅದಕ್ಕೆ ಫೆನ್‌ಬೆಂಡಜೋಲ್ ಅಥವಾ ಫೆಬಾಂಟೆಲ್ ಥರದ ಔಷಧಿ ಬೇಕು. ಈ ಹುಳದ ಮೊಟ್ಟೆ ನಾಯಿ ಹೊಟ್ಟೆ ಸೇರಿ ದೊಡ್ಡದಾಗಿ ತಾನೂ ಮೊಟ್ಟೆ ಇಡೋಕೆ ಸುಮಾರು ಮೂರು ತಿಂಗಳು ಹಿಡಿಯುತ್ತೆ. ಮಣ್ಣಲ್ಲಿ ಬಿದ್ದ ಮೊಟ್ಟೆ ವರ್ಷಗಟ್ಟಲೆ ಬದುಕಿರುತ್ತೆ. ಅಂದ್ರೆ ಔಷಧಿ ಕೊಟ್ಟು ಸರಿ ಮಾಡಿದ ನಾಯಿ ಅದೇ ಹಿತ್ತಲಲ್ಲಿ ಮೂಸಿ ನೆಕ್ಕಿ, ಮೂರು ತಿಂಗಳಿಗೆ ಮತ್ತೆ ಅದೇ ಕಾಯಿಲೆ ತಂದುಕೊಳ್ಳಬಹುದು. ತಾರೀಖು ಬರೆದಿಟ್ಟವರಿಗೆ ಈ ಮೂರು ತಿಂಗಳ ಲೆಕ್ಕ ಕಾಣುತ್ತೆ, ಬರೆಯದವರಿಗೆ ಕಾಣಲ್ಲ.

ಜಿಯಾರ್ಡಿಯಾ ಅಂತ ಇನ್ನೊಂದಿದೆ, ಕಣ್ಣಿಗೆ ಕಾಣದ ಏಕಕೋಶ ಜೀವಿ, ನೀರಿನ ಮೂಲಕ ಹರಡುತ್ತೆ. ಇದು ದಿನಾ ಮಲದಲ್ಲಿ ಹೊರಬರಲ್ಲ, ಬಿಟ್ಟು ಬಿಟ್ಟು ಬರುತ್ತೆ. ಅದಕ್ಕೇ ಒಂದು ಸಲ ನೋಡಿ "ಏನೂ ಇಲ್ಲ" ಅಂದ್ರೆ ನಂಬೋ ಹಾಗಿಲ್ಲ. ಮೂರು ಬೇರೆ ಬೇರೆ ದಿನದ ಮಲ ಕೊಡಬೇಕು.

ಟೈಗರ್ ವಿಷಯದಲ್ಲಿ ನಮಗೆ ಅದೃಷ್ಟ ಒಲಿದಿತ್ತು. ಅಲ್ಲಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಕ್ಯಾಲೆಂಡರ್ ನೋಡಿ ನಗಲಿಲ್ಲ. ಇಪ್ಪತ್ತು ನಿಮಿಷ ಬರೀ ಪ್ರಶ್ನೆ ಕೇಳಿದರು. ಮೂರು ದಿನದ ಮಲ ತನ್ನಿ ಅಂದರು. ಮೂರನೇ ಡಬ್ಬಿಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಸಿಕ್ಕಿತು, ಜಾಸ್ತಿ ಏನಲ್ಲ. ಔಷಧಿ ಆಯಿತು. ಅಕ್ಕನಿಗೆ ಖುಷಿಯೋ ಖುಷಿ. ಮೂರು ವಾರಕ್ಕೆ ಮತ್ತೆ ಭೇದಿ.

ಇಲ್ಲಿ ಎಲ್ಲರೂ ಕೈ ಚೆಲ್ಲೋದು. "ಹುಳ ಇತ್ತು, ಔಷಧಿ ಕೊಟ್ಟಾಯ್ತು, ಆದರೂ ಹೀಗೆ ಅಂದ್ರೆ ಇದರ ಹಣೆಬರಹ." ಹಣೆಬರಹ ಅಲ್ಲ ಸ್ವಾಮಿ. ಸಿಕ್ಕಿದವನು ಕಳ್ಳನೇ, ಆದರೆ ಈ ಮನೆ ದೋಚಿದ ಕಳ್ಳ ಅವನಲ್ಲ. ಒಂದು ತಪ್ಪು ಸಿಕ್ಕಿದ ತಕ್ಷಣ ಲೆಕ್ಕದ ಪುಸ್ತಕ ಮುಚ್ಚಬಾರದು, ಮೊತ್ತ ತಾಳೆ ಆಗಿದ್ಯಾ ನೋಡಬೇಕು. ಹಾಲಿನ ಅನುಮಾನ ಹಾಗೇ ಉಳಿದಿತ್ತು.

*

ಮೂರನೇ ಹೆಜ್ಜೆ ಊಟದ ಪರೀಕ್ಷೆ. ನನ್ನ ಪ್ರಕಾರ ಇದೇ ಮುಖ್ಯ, ಇದೇ ಕಷ್ಟ.

ಪರೀಕ್ಷೆಗಳಲ್ಲೆಲ್ಲ ಏನೂ ಸಿಗದೆ, ದೀರ್ಘಕಾಲ ಕರುಳು ಕೆಟ್ಟ ನಾಯಿಗಳಲ್ಲಿ ದೊಡ್ಡ ಪಾಲು ಬರೀ ಊಟ ಬದಲಿಸಿದ್ರೆ ಸರಿಹೋಗುತ್ತೆ ಅಂತ ಪಶುವೈದ್ಯರ ಅನುಭವ. ನಾಯಿಗೆ ಒಗ್ಗದ ಆಹಾರ ಅಂದ್ರೆ ನಾವು ಖಾರ, ಮಸಾಲೆ ಅಂದ್ಕೋತೀವಿ. ನಿಜದಲ್ಲಿ ಅಲರ್ಜಿ ಮಾಡೋರ ಪಟ್ಟಿಯಲ್ಲಿ ಮೇಲಿರೋದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ, ಗೋಧಿ. ಯಾಕೆ ಅವೇ ಅಂದ್ರೆ, ನಾಯಿಗಳು ಹೆಚ್ಚಾಗಿ ತಿನ್ನೋದೇ ಅವನ್ನ. ಹೊಸ ಪದಾರ್ಥಕ್ಕೆ ಅಲರ್ಜಿ ಬರಲ್ಲ, ತಿಂದು ತಿಂದು ಪರಿಚಯ ಆಗಿರೋದಕ್ಕೇ ಬರೋದು. "ಮರಿ ಇದ್ದಾಗಿಂದ ಇದನ್ನೇ ತಿಂತಿದೆ, ಇದರಿಂದ ಹೇಗೆ ಆಗುತ್ತೆ?" ಅನ್ನೋ ವಾದಕ್ಕೆ ಹಾಗಾಗಿ ಅರ್ಥ ಇಲ್ಲ.

ಪರೀಕ್ಷೆ ಹೇಗೆ? ನಾಯಿ ಇದುವರೆಗೆ ತಿಂದೇ ಇರದ ಒಂದು ಪ್ರೋಟೀನು, ಅಥವಾ ಪ್ರೋಟೀನನ್ನು ದೇಹ ಗುರುತು ಹಿಡಿಯದಷ್ಟು ಚೂರು ಮಾಡಿ ತಯಾರಿಸಿದ ಪ್ಯಾಕೆಟ್ ಆಹಾರ, ಇವೆರಡರಲ್ಲಿ ಒಂದು. ಅದನ್ನ ಬಿಟ್ಟು ಬಾಯಿಗೆ ನೀರು ಮಾತ್ರ. ಚರ್ಮದ ತುರಿಕೆ ಇದ್ರೆ ಎಂಟು ವಾರ ಕಾಯಬೇಕು. ಹೊಟ್ಟೆ ವಿಷಯದಲ್ಲಿ ಸಾಮಾನ್ಯವಾಗಿ ಎರಡು ವಾರದೊಳಗೆ ಗೊತ್ತಾಗುತ್ತೆ.

ಎರಡು ವಾರ ತಾನೆ ಅಂತೀರಾ? ಮಾಡಿ ನೋಡಿ! ಡಾಕ್ಟರಮ್ಮ ಹೇಳಿದ ಆಹಾರದ ಚೀಲವನ್ನ ನಾನು ಬೆಂಗಳೂರಿಂದ ರಾತ್ರಿ ಬಸ್ಸಿಗೆ ಹಾಕಿದೆ. ಬೆಲೆ ಕೇಳಿ ಭಾವ, "ನಮ್ಮ ಮನೆ ಸಣ್ಣಕ್ಕಿಗಿಂತ ದುಬಾರಿ" ಅಂತ ಎರಡು ದಿನ ಮಾತಾಡಲಿಲ್ಲ. ತೋಟದ ಕೆಲಸದವರು ಚಾ ಕುಡಿಯುವಾಗ ಬಿಸ್ಕೆಟ್ ಎಸೀತಿದ್ದರು. ಬಿಸ್ಕೆಟ್ಟಲ್ಲಿ ಗೋಧಿಯೂ ಇದೆ, ಹಾಲಿನ ಅಂಶವೂ ಇರುತ್ತೆ. ಹಾಲು ಕರೆಯುವಾಗ ಕೊಟ್ಟಿಗೆ ನೆಲಕ್ಕೆ ಚೆಲ್ಲಿದ್ದನ್ನ ಟೈಗರ್ ನೆಕ್ಕುತ್ತಿದ್ದ. ಅತ್ತೆಗೆ ಮನಸ್ಸು ತಡೆಯದೆ ಒಂದು ಹಿಡಿ ಮೊಸರನ್ನ. ಜೀಪಲ್ಲಿ ಹಾಕಿ ಕಳಿಸಿ ಅಂದವರೇ ಅವರು, ನೋಡಿ ಮನುಷ್ಯರ ಮನಸ್ಸು ಹೇಗಿರುತ್ತೆ ಅಂತ. ಮಾತ್ರೆ ನುಂಗಿಸೋಕೆ ಬೆಣ್ಣೆ ಹಚ್ಚೋದು, ಮಾಂಸದ ರುಚಿ ಸೇರಿಸಿದ ಹುಳದ ಮಾತ್ರೆ ಕೊಡೋದು, ಇವೂ ಲೆಕ್ಕಕ್ಕೆ ಬರುತ್ತೆ. ಒಂದು ತುತ್ತು ಬಿದ್ರೂ ಪರೀಕ್ಷೆ ಮೊದಲಿಂದ.

ಅಕ್ಕ ಕೊನೆಗೆ ಕ್ಯಾಲೆಂಡರ್ ಪಕ್ಕ ದಪ್ಪ ಅಕ್ಷರದಲ್ಲಿ "ಟೈಗರಿಗೆ ಯಾರೂ ಏನೂ ಹಾಕಬೇಡಿ" ಅಂತ ಬರೆದು ಅಂಟಿಸಿದಳು. ಹಾಲು ಕರೆಯೋ ಹೊತ್ತಿಗೆ ಅವನನ್ನ ಕಟ್ಟಿ ಹಾಕಿದರು. ಹನ್ನೆರಡನೇ ದಿನ ಫೋನ್ ಬಂತು. "ಗಟ್ಟಿ ಆಗಿದೆ ಮಾರಾಯ" ಅಂತ ಅವಳು ಹೇಳಿದ ರೀತಿಗೆ, ಮಗನಿಗೆ ಕೆಲಸ ಸಿಕ್ಕಿತೇನೋ ಅನ್ನಬೇಕು.

ಪರೀಕ್ಷೆ ಇಲ್ಲಿಗೆ ಮುಗಿಯಲ್ಲ. ಬಹಳ ಜನ ಇಲ್ಲಿಗೆ ನಿಲ್ಲಿಸ್ತಾರೆ. ಊಟ ಬದಲಿಸಿದ್ದಕ್ಕೇ ಸರಿಹೋಯ್ತಾ, ಅಥವಾ ತಾನಾಗೇ ಸರಿಹೋಗೋ ಸಮಯಕ್ಕೆ ಊಟ ಬದಲಿಸಿದ್ವಾ? ಗೊತ್ತಾಗಬೇಕು ಅಂದ್ರೆ ಹಳೇ ಪದಾರ್ಥವನ್ನ ಒಂದೊಂದಾಗಿ ಮತ್ತೆ ಕೊಟ್ಟು ನೋಡಬೇಕು. ಡಾಕ್ಟರಮ್ಮ ಹೇಳಿದ ಹಾಗೆ ಮೊದಲು ಅನ್ನ ಸೇರಿಸಿದರು, ಏನೂ ಆಗಲಿಲ್ಲ. ಬೇಳೆ, ಏನೂ ಇಲ್ಲ. ಹಾಲು ಕೊಟ್ಟ ಮೂರನೇ ದಿನ ಭೇದಿ. ನಿಲ್ಲಿಸಿ, ಸರಿಯಾಗಲು ಬಿಟ್ಟು, ಮೊಸರು ಕೊಟ್ಟರು. ನಾಲ್ಕನೇ ದಿನ ಭೇದಿ, ಜೊತೆಗೆ ವಾಂತಿ.

ಮೊಸರು ಯಾಕೆ ಬೇರೆ ಅಂದ್ರೆ, ದೊಡ್ಡ ನಾಯಿಗಳಿಗೆ ಹಾಲಿನ ಸಕ್ಕರೆ, ಅಂದ್ರೆ ಲ್ಯಾಕ್ಟೋಸ್, ಸರಿಯಾಗಿ ಅರಗಲ್ಲ. ಹೆಪ್ಪು ಹಾಕಿದ ಮೊಸರಲ್ಲಿ ಆ ಸಕ್ಕರೆ ಕಡಿಮೆಯಾಗಿರುತ್ತೆ, ಆದರೆ ಹಾಲಿನ ಪ್ರೋಟೀನು ಹಾಗೇ ಇರುತ್ತೆ. ಮೊಸರಿಗೂ ಅಷ್ಟೇ ಜೋರಾಗಿ ಕೆಟ್ಟಿದ್ದರಿಂದ ಪ್ರೋಟೀನಿನ ಮೇಲೇ ಹೆಚ್ಚು ಅನುಮಾನ ಅಂತ ಅವರು ವಿವರಿಸಿದರು. ಅಂದ್ರೆ ಕಾಯಿಲೆಗೆ ಕಾರಣವಾದ ಪದಾರ್ಥವೇ ಒಂದೂವರೆ ವರ್ಷ ಕಾಯಿಲೆಗೆ ಮದ್ದಾಗಿ ತಟ್ಟೆಗೆ ಬೀಳ್ತಿತ್ತು! ಯಾರ ತಪ್ಪೂ ಇಲ್ಲ. ನಮ್ಮ ಕಡೆ ಹೊಟ್ಟೆ ಕೆಟ್ಟರೆ ಮನುಷ್ಯರಿಗೂ ಅದೇ ಕೊಡೋದು.

ಟೈಗರಿಗೀಗ ಅನ್ನ, ಬೇಳೆ, ತರಕಾರಿ, ಮೊಟ್ಟೆ. ಬರೀ ಅನ್ನ-ಮೊಟ್ಟೆ ಸಾಲಲ್ಲ, ಸುಣ್ಣದ ಅಂಶ ಕಡಿಮೆ ಬೀಳುತ್ತೆ ಅಂತ ಡಾಕ್ಟರಮ್ಮ ಅಳತೆ ಹೇಳಿ ಕ್ಯಾಲ್ಸಿಯಂ, ವಿಟಮಿನ್ ಬರೆದುಕೊಟ್ಟಿದ್ದಾರೆ. ಮೊಟ್ಟೆಗೆ ಅತ್ತೆಯ ಷರತ್ತು: ಬೇರೆ ಪಾತ್ರೆ, ಬಚ್ಚಲ ಒಲೆಯಲ್ಲೇ ಬೇಯಿಸಬೇಕು. ಸಸ್ಯಾಹಾರಿ ಮನೆಯಲ್ಲಿ ಅಷ್ಟು ಒಪ್ಪಿದ್ದೇ ದೊಡ್ಡದು.

*

ಎಲ್ಲಾ ನಾಯಿಗಳ ಕಾರಣವೂ ಹಾಲೇ ಅಂತ ಖಂಡಿತ ಹೇಳ್ತಿಲ್ಲ. ಇದನ್ನ ಓದಿ ನಾಳೆಯಿಂದ ಹಾಲು ನಿಲ್ಲಿಸಿ "ಆಯ್ತು" ಅಂತ ಕೂತರೆ ಈ ಬರಹದ ಉದ್ದೇಶವೇ ಹಾಳು. ಊಟ ಬದಲಿಸಿದ್ರೂ ಸರಿಹೋಗದ ನಾಯಿಗಳಿಗೆ ರಕ್ತ ಪರೀಕ್ಷೆ ಬೇಕು. ಲಿವರ್, ಕಿಡ್ನಿ, ಮೇದೋಜೀರಕ ಗ್ರಂಥಿ ಎಲ್ಲಾ ನೋಡಬೇಕು. ಜರ್ಮನ್ ಶೆಫರ್ಡ್ ನಾಯಿ ಬಕಾಸುರನ ಹಾಗೆ ತಿಂದೂ ಸೊರಗ್ತಾ ಇದ್ರೆ, ಮೇದೋಜೀರಕ ಗ್ರಂಥಿ ಜೀರ್ಣರಸ ಮಾಡೋದನ್ನೇ ನಿಲ್ಲಿಸಿರಬಹುದು. ಅದನ್ನ ಒಂದು ರಕ್ತ ಪರೀಕ್ಷೆ ಹೇಳುತ್ತೆ, ಊಟದ ಜೊತೆ ಕಿಣ್ವದ ಪುಡಿ ಕೊಟ್ಟರೆ ನಾಯಿ ಚೇತರಿಸಿಕೊಳ್ಳುತ್ತೆ. ಅಂಥ ನಾಯಿಯನ್ನ "ಹೊಟ್ಟೆಬಾಕ" ಅಂತ ಬೈಕೊಂಡು ಇರೋದು ಎಂಥ ಅನ್ಯಾಯ.

ಇನ್ನೊಂದು ಅಡಿಸನ್ ಕಾಯಿಲೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಮನುಷ್ಯರಲ್ಲಿ ಇದನ್ನ ವಿವರಿಸಿದ. ಅಮೆರಿಕದ ಅಧ್ಯಕ್ಷ ಕೆನಡಿಗೂ ಇತ್ತು. ಕಿಡ್ನಿ ಪಕ್ಕದ ಅಡ್ರಿನಲ್ ಗ್ರಂಥಿ ಸೋತುಹೋಗುತ್ತೆ. ನಾಯಿಗಳಲ್ಲಿ ಇದು ಬಿಟ್ಟು ಬಿಟ್ಟು ಬರೋ ವಾಂತಿ-ಭೇದಿ, ಸುಸ್ತಾಗಿ ವೇಷ ಹಾಕಿಕೊಂಡು ಬರುತ್ತೆ. ದೀಪಾವಳಿ ಪಟಾಕಿ, ಮನೆ ಬದಲಾವಣೆ, ಪ್ರಯಾಣದಂಥ ಒತ್ತಡ ಆದಾಗ ಜೋರಾಗುತ್ತೆ. ಡ್ರಿಪ್ ಹಾಕಿದ್ರೆ ಎರಡು ದಿನಕ್ಕೆ ಎದ್ದು ಓಡಾಡುತ್ತೆ, ಎಲ್ಲರೂ "ಫುಡ್ ಪಾಯ್ಸನ್" ಅಂದುಕೊಂಡು ಮರೀತಾರೆ. ಮುಂದೊಂದು ಸಲ ಎದ್ದೇಳಲ್ಲ. ಕಾರ್ಟಿಸೋಲ್ ಪರೀಕ್ಷೆಯಿಂದ ಅನುಮಾನ ಹುಟ್ಟಿದ್ರೆ ಎಸಿಟಿಎಚ್ ಪರೀಕ್ಷೆ ಮಾಡಿ ಖಚಿತ ಮಾಡ್ತಾರೆ. ಗೊತ್ತಾದ ನಾಯಿಗಳು ಔಷಧಿ ತಗೊಂಡು ವರ್ಷಗಟ್ಟಲೆ ಚೆನ್ನಾಗಿರುತ್ತವೆ. ಗೊತ್ತಾಗದವು ಸಾಯುತ್ತವೆ. ಕಾರಣ ಹುಡುಕೋದು ಶೋಕಿ ಅನ್ನೋರಿಗೆ ಇದೊಂದೇ ಉದಾಹರಣೆ ಸಾಕು.

ಮನೆಯೊಳಗಿನ ವಿಷಗಳನ್ನೂ ಮರೀಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸಬಹುದು. ಕುಂಟುತ್ತಿದೆ ಅಂತ ನಮ್ಮ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣು. ಗುಲಾಬಿ ಬುಡಕ್ಕೆ ಹಾಕೋ ಹರಳು ಹಿಂಡಿ ಅಂತೂ ಕಡು ವಿಷ, ಎಲುಬಿನ ಪುಡಿ ಬೆರೆಸಿದ್ರೆ ನಾಯಿ ಹುಡುಕಿಕೊಂಡು ಹೋಗಿ ತಿನ್ನುತ್ತೆ. ಇನ್ನು ಗಾದೆಯ ತುಪ್ಪ? ತುಪ್ಪದಲ್ಲಿ ಹಾಲಿನ ಸಕ್ಕರೆಯೂ ಇಲ್ಲ, ಪ್ರೋಟೀನೂ ಇಲ್ಲ ಅನ್ನುವಷ್ಟು ಕಡಿಮೆ. ಇರೋದು ಬರೀ ಜಿಡ್ಡು. ಜಿಡ್ಡು ವಿಪರೀತ ತಿಂದ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿಯ ಉರಿಯೂತ ಆಗುತ್ತೆ. ಗಾದೆ ಮಾಡಿದ ಪುಣ್ಯಾತ್ಮ ಕಣ್ಣಾರೆ ಏನೋ ನೋಡಿದ್ದ ಬಿಡಿ, ಕಾರಣ ಮಾತ್ರ ಕೇಳಲಿಲ್ಲ.

*

ಈಗ ಮಾತ್ರೆಗಳ ವಿಷಯ. ಭೇದಿ ಅಂದ ತಕ್ಷಣ ಮೆಟ್ರೋನಿಡಜೋಲ್ ಕೊಡೋ ಅಭ್ಯಾಸ ಪ್ರಪಂಚದಲ್ಲೆಲ್ಲಾ ಇದೆ. ಮೂರು ದಿನದಲ್ಲಿ ಭೇದಿ ನಿಲ್ಲುತ್ತೆ, ನಿಜ. ಆದರೆ ಸಾಮಾನ್ಯ ಭೇದಿ ಬಹಳ ಸಲ ಏನೂ ಕೊಡದಿದ್ರೂ ಕೆಲವೇ ದಿನದಲ್ಲಿ ನಿಲ್ಲುತ್ತೆ. ಔಷಧಿ ತಗೊಂಡ್ರೆ ಒಂದು ವಾರ, ಇಲ್ಲದಿದ್ರೆ ಏಳು ದಿನ ಅಂತ ನೆಗಡಿಗೆ ಹೇಳ್ತೀವಲ್ಲ, ಹಾಗೆ. ಆ ಮಾತ್ರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗಳನ್ನೂ ಸೇರಿಸಿ ಕೊಲ್ಲುತ್ತೆ. ಆರೋಗ್ಯವಾಗಿದ್ದ ನಾಯಿಗಳಿಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ, ನಿಲ್ಲಿಸಿ ನಾಲ್ಕು ವಾರ ಆದರೂ ಕರುಳಿನ ಬ್ಯಾಕ್ಟೀರಿಯಾ ಎಲ್ಲಾ ನಾಯಿಗಳಲ್ಲೂ ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಸಾಧಾರಣ ಭೇದಿಗೆ ಆಂಟಿಬಯೋಟಿಕ್ ಬೇಡ ಅಂತ ಯುರೋಪಿನ ಪಶುವೈದ್ಯ ತಜ್ಞರ ಗುಂಪೊಂದು 2024ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿತು. ತೀರಾ ಹುಷಾರಿಲ್ಲದ ನಾಯಿಗೆ ಬೇಕಾಗಬಹುದು, ಅದು ಡಾಕ್ಟರ ನಿರ್ಧಾರ. ನನ್ನ ತಕರಾರು ಇರೋದು ಒಂದೂವರೆ ವರ್ಷದಲ್ಲಿ ಹನ್ನೊಂದು ಸಲ ಅದೇ ಚೀಟಿ ಬರೆಯೋದರ ಬಗ್ಗೆ. ನಾಲ್ಕನೇ ಸಲಕ್ಕಾದರೂ "ಯಾಕೆ ಮತ್ತೆ ಬಂತು?" ಅನ್ನೋ ಪ್ರಶ್ನೆ ಬರಬೇಡವೇ?

ಮನುಷ್ಯರ ವೈದ್ಯದಲ್ಲೂ ಹೀಗೇ ಆಗಿತ್ತು. ಹೊಟ್ಟೆ ಹುಣ್ಣಿಗೆ ಟೆನ್ಷನ್ನು, ಖಾರ ಕಾರಣ ಅಂತ ದಶಕಗಟ್ಟಲೆ ನಂಬಿದ್ದರು. ಆಮ್ಲ ಇಳಿಸೋ ಮಾತ್ರೆ ಕೊಡೋದು, ನಿಲ್ಲಿಸಿದ್ರೆ ಹುಣ್ಣು ಮತ್ತೆ ಬರೋದು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದರ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಅಂದಾಗ ನಂಬಿದವರು ಕಡಿಮೆ. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನ ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಲ್ಲಿ ಆಂಟಿಬಯೋಟಿಕ್ಕೇ ಉತ್ತರವಾಯ್ತು, ಟೈಗರಿಗೆ ಮಜ್ಜಿಗೆ ನಿಲ್ಲಿಸೋದು ಉತ್ತರವಾಯ್ತು. ಕಾರಣ ಸಿಕ್ಕಿದ ಮೇಲೆ ತಾನೆ ಯಾವುದು ಬೇಕು ಅಂತ ಗೊತ್ತಾಗೋದು?

"ನಿಮಗೇನು ಸಾರ್, ಪೇಟೆಯವರು. ನಾಯಿಗೆಲ್ಲ ಇಷ್ಟು ಖರ್ಚು ಮಾಡೋಕಾಗುತ್ತಾ?" ಅಂತ ಕೇಳ್ತೀರಿ, ಗೊತ್ತು. ನ್ಯಾಯವಾದ ಪ್ರಶ್ನೆಯೇ. ಆದರೆ ಲೆಕ್ಕ ಹಾಕಿ ನೋಡಿ. ಕ್ಯಾಲೆಂಡರ್ ಬಿಟ್ಟಿ. ಮಲ ಪರೀಕ್ಷೆ ಅಗ್ಗ. ಊಟದ ಪರೀಕ್ಷೆಗೆ ದುಬಾರಿ ಚೀಲವೇ ಬೇಕು ಅಂತಿಲ್ಲ, ನಾಯಿ ತಿಂದಿರದ ಪ್ರೋಟೀನು ಮನೇಲೇ ಬೇಯಿಸಿ ಮಾಡಬಹುದು, ಡಾಕ್ಟರನ್ನ ಕೇಳಿಕೊಂಡು. ಅಕ್ಕನ ಕ್ಯಾಲೆಂಡರಲ್ಲಿದ್ದ ಹನ್ನೊಂದು ಖರ್ಚುಗಳನ್ನ ಕೂಡಿದಾಗ ಆ ದುಬಾರಿ ಚೀಲದ ಎರಡರಷ್ಟು ಆಯ್ತು. ಭಾವನಿಗೆ ತೋರಿಸಿದೆ, ಆಮೇಲೆ ಅಕ್ಕಿ ಮಾತು ಎತ್ತಲಿಲ್ಲ.

ಡಾಕ್ಟರುಗಳ ಕಷ್ಟವೂ ನನಗೆ ಗೊತ್ತು. ಹಳ್ಳಿ ಕಡೆ ಒಬ್ಬರೇ ಡಾಕ್ಟರು ಹಸುವಿನ ಹೆರಿಗೆ, ಕಾಲುಬಾಯಿ ಲಸಿಕೆ, ಕೋಳಿ, ಕುರಿ ಎಲ್ಲಾ ನೋಡಬೇಕು. ನಾಯಿ ಭೇದಿಗೆ ಇಪ್ಪತ್ತು ನಿಮಿಷ ಎಲ್ಲಿಂದ ತರ್ತಾರೆ? ಅದಕ್ಕೇ ಹೇಳೋದು, ಆ ಇಪ್ಪತ್ತು ನಿಮಿಷದ ಕೆಲಸವನ್ನ ನಾವು ಮನೇಲೇ ಮಾಡಿಕೊಂಡು ಹೋಗೋಣ. ತಾರೀಖಿನ ಪಟ್ಟಿ, ಊಟದ ಪಟ್ಟಿ, ಹಿಂದೆ ಕೊಟ್ಟ ಔಷಧಿಗಳ ಚೀಟಿ, ಬೆಳಗಿನ ಮಲ ಒಂದು ಸ್ವಚ್ಛ ಡಬ್ಬಿಯಲ್ಲಿ. ಇಷ್ಟು ಹಿಡಿದು ಹೋಗಿ ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದು ಮತ್ತೆ ಮತ್ತೆ ಯಾಕೆ ಬರ್ತಿದೆ?" ಅಲ್ಲಿ ಆಗದಿದ್ರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗ ಕಡೆ ಪಶುವೈದ್ಯಕೀಯ ಕಾಲೇಜುಗಳಿವೆ.

ಹೊಟ್ಟೆ ನೋಯ್ತಿದೆ ಅಂತ ಬಾಯಿಬಿಟ್ಟು ಹೇಳೋಕೆ ಬರದ ಪ್ರಾಣಿ ಅದು. ಅದಕ್ಕೆ ಗೊತ್ತಿರೋದು ತಟ್ಟೆಗೆ ಹಾಕಿದ್ದನ್ನ ನಂಬಿ ತಿನ್ನೋದೊಂದೇ. ಹುಡುಕೋ ಕೆಲಸ ನಮ್ಮದೇ ಅಲ್ವಾ?

ನಿಮ್ಮ ಮನೆ ನಾಯಿಗೂ ಹೀಗಾಗ್ತಿದ್ರೆ ಇವತ್ತೇ ಗೋಡೆಯ ಕ್ಯಾಲೆಂಡರ್ ಮೇಲೆ ಮೊದಲ ಗುರುತು ಹಾಕಿ. ಆರು ವಾರ ಬಿಟ್ಟು ಅದನ್ನ ಇಳಿಸಿಕೊಂಡು ಕೂತು ನೋಡಿ. ಏನು ಕಂಡಿತು ಅಂತ ನನಗೂ ತಿಳಿಸಿ.